ಕಾಡು ಉಳಿಸಿಕೊಂಡವರು, ನಾಡು ಬಿಟ್ಟು ಬಂದವರು

ಕೇಳುಗ ಮಿತ್ರರಿಗೆ ನಮಸ್ಕಾರ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಮಿಶಿಗನ್ ಸರೋವರದ ದಂಡೆಯ ಮೇಲೆ, ರಸೀನ್ ಎಂಬ ಕಾರ್ಖಾನೆಗಳ ಊರಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆಟೋಮನ್ ತುರ್ಕಿಯ ಹಳ್ಳಿಗಳನ್ನು ಬಿಟ್ಟು ಬಂದ ಅರ್ಮೇನಿಯನ್ನರು ಅಲ್ಲಿ ನೆಲೆ ನಿಂತರು. ಅವರ ಇಗರ್ಜಿ, ಅವರ ಅಡುಗೆ, ಅವರ ಸಂಘ ಇಂದಿಗೂ ಆ ಊರಿನಲ್ಲಿವೆ. ಅಲ್ಲಿಂದ ಉತ್ತರಕ್ಕೆ ಸುಮಾರು 300 ಕಿಲೋಮೀಟರ್ ಹೋದರೆ ಕೆಶೀನಾ ಸಿಗುತ್ತದೆ. ಅದು ಮೆನಾಮಿನಿ ಬುಡಕಟ್ಟಿನ ಆಡಳಿತ ಕೇಂದ್ರ. ಒಬ್ಬರು ಊರು ಕಳೆದುಕೊಂಡು ಈ ರಾಜ್ಯಕ್ಕೆ ಬಂದವರು. ಇನ್ನೊಬ್ಬರು ಈ ರಾಜ್ಯ ಹುಟ್ಟುವ ಮೊದಲಿನಿಂದ ಇಲ್ಲೇ ಇದ್ದವರು.

ಈ ಎರಡು ಸಮುದಾಯಗಳನ್ನು ಹೋಲಿಸಿ ಎಂದರೆ ಸಾಮಾನ್ಯವಾಗಿ ತಲಾ ಆದಾಯ, ಬಡತನ, ಪದವೀಧರರ ಲೆಕ್ಕ ಮುಂದಿಡುತ್ತಾರೆ. ಅಮೆರಿಕದ ಅರ್ಮೇನಿಯನ್ನರದು ಒಟ್ಟಾರೆ ಅನುಕೂಲದ ಸ್ಥಿತಿ. ಮೆನಾಮಿನಿ ಕೌಂಟಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ವಿಸ್ಕಾನ್ಸಿನ್ನಿನ ಕಡುಬಡ ಕೌಂಟಿಗಳಲ್ಲಿ ಒಂದು, ಆರೋಗ್ಯದ ಪಟ್ಟಿಯಲ್ಲಿ ರಾಜ್ಯದ 72 ಕೌಂಟಿಗಳ ಪೈಕಿ ವರ್ಷಗಟ್ಟಲೆ ಕಟ್ಟಕಡೆಯದು. ಲೆಕ್ಕ ಸರಿಯೇ. ಆದರೆ ಹೀಗೇಕೆ ಎಂದು ಅದು ಹೇಳುವುದಿಲ್ಲ. ಅದಕ್ಕೆ ಬೇರೊಂದು ಪ್ರಶ್ನೆ ಕೇಳಬೇಕು: ಸಮುದಾಯದ ಆಸ್ತಿ ಯಾವ ರೂಪದಲ್ಲಿತ್ತು, ಆ ಆಸ್ತಿಯ ಕಾಗದ ಯಾರ ಹೆಸರಿನಲ್ಲಿತ್ತು?

ಮೊದಲು ಮೆನಾಮಿನಿಯವರನ್ನು ನೋಡೋಣ. ಅವರ ಹೆಸರು ಕಾಡುಭತ್ತದಿಂದ ಬಂದದ್ದು. ಕೆರೆಗಳಲ್ಲಿ ತಾನಾಗಿ ಬೆಳೆಯುವ ಆ ಧಾನ್ಯ ಅವರ ಅನ್ನ. ಹಿಂದೊಮ್ಮೆ ಸುಮಾರು ಒಂದು ಕೋಟಿ ಎಕರೆಯಲ್ಲಿ ಓಡಾಡಿಕೊಂಡಿದ್ದ ಜನ, ಒಪ್ಪಂದದ ಮೇಲೆ ಒಪ್ಪಂದ ಮಾಡಿಸಿಕೊಂಡು, 1854ರಲ್ಲಿ ವುಲ್ಫ್ ನದಿಯ ಬಳಿಯ ಒಂದು ತುಂಡು ನೆಲಕ್ಕೆ ಬಂದು ನಿಂತರು. ಇವತ್ತು ಅದು ಸುಮಾರು 2,35,000 ಎಕರೆ, ಅಂದರೆ ನಮ್ಮ ಬಂಡೀಪುರ ರಾಷ್ಟ್ರೀಯ ಉದ್ಯಾನಕ್ಕಿಂತ ತುಸು ದೊಡ್ಡದು. ಬಹುಪಾಲು ಕಾಡು.

1887ರ ಕಾನೂನು ಬುಡಕಟ್ಟುಗಳ ಸಾಮೂಹಿಕ ನೆಲವನ್ನು ಮನೆಗಿಷ್ಟು ಎಕರೆ ಎಂದು ಹಂಚಿತು. ಹಂಚಿದ ನೆಲ ಸಾಲಕ್ಕೆ, ತೆರಿಗೆ ಬಾಕಿಗೆ, ಮೋಸಕ್ಕೆ ಕೈ ಬಿಟ್ಟಿತು. ಮೆನಾಮಿನಿಯವರು ಆ ಹಂಚಿಕೆಗೆ ಒಪ್ಪಲಿಲ್ಲ. ಕಾಡು ಎಲ್ಲರದಾಗಿಯೇ ಉಳಿಯಿತು. ಅವರ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿಲ್ಲ ಎಂದು ನನಗನ್ನಿಸುತ್ತದೆ.

ಆ ಕಾಡನ್ನು ಕಡಿಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಮುಖಂಡ ಓಷ್‌ಕೋಶ್ ಹೇಳಿದ್ದೆಂದು ಅವರಲ್ಲಿ ಒಂದು ಮಾತು ನಡೆದುಬಂದಿದೆ: ಸೂರ್ಯ ಹುಟ್ಟುವ ಕಡೆಯಿಂದ ಮುಳುಗುವ ಕಡೆಗೆ ಕಡಿಯುತ್ತ ಹೋಗಿ, ಬಲಿತದ್ದು, ರೋಗ ಹಿಡಿದದ್ದು, ಬಿದ್ದದ್ದು ಮಾತ್ರ ಕಡಿಯಿರಿ, ಗಡಿ ಮುಟ್ಟಿದ ಮೇಲೆ ತಿರುಗಿ ಬನ್ನಿ, ಮರ ಎಂದಿಗೂ ಮುಗಿಯುವುದಿಲ್ಲ. ಇವತ್ತು ಇದೇ ಮಾತು ಲೆಕ್ಕದ ಪುಸ್ತಕವಾಗಿದೆ. ಕಾಡನ್ನು ನೂರಕ್ಕೂ ಹೆಚ್ಚು ವಿಭಾಗ ಮಾಡಿದ್ದಾರೆ. ಗಟ್ಟಿಮರದ ಒಂದು ವಿಭಾಗಕ್ಕೆ ಕೊಡಲಿ ಮರಳುವುದು ಸುಮಾರು ಹದಿನೈದು ವರ್ಷಕ್ಕೊಮ್ಮೆ. ಮೊದಲು ಅರಣ್ಯದವರು ಹೋಗಿ ಯಾವ ಮರ ಬೀಳಬೇಕೋ ಅದಕ್ಕೆ ಬಣ್ಣ ಬಳಿಯುತ್ತಾರೆ. ಬಣ್ಣವಿಲ್ಲದ ಮರವನ್ನು ಯಾರೂ ಮುಟ್ಟುವಂತಿಲ್ಲ. ಮೆತ್ತನೆ ನೆಲವಿರುವ ಕಡೆ ಚಳಿಗಾಲದಲ್ಲಿ, ನೆಲ ಹೆಪ್ಪುಗಟ್ಟಿದ ಮೇಲೆ ಕಡಿಯುತ್ತಾರೆ. ಇಲ್ಲವಾದರೆ ಯಂತ್ರದ ಗಾಲಿ ಮಣ್ಣನ್ನು ಅಮುಕಿ, ಉಳಿಯಬೇಕಾದ ಮರದ ಬೇರನ್ನೇ ಕೊಲ್ಲುತ್ತದೆ. ಓಕ್ ಮರಕ್ಕೆ ವಸಂತದಿಂದ ಬೇಸಿಗೆಯ ನಡುವಿನವರೆಗೆ ಗಾಯ ಮಾಡಬಾರದು. ಹಸಿ ಗಾಯದ ರಸಕ್ಕೆ ಬರುವ ಜೀರುಂಡೆಗಳು ಓಕ್ ಸೊರಗು ರೋಗದ ಶಿಲೀಂಧ್ರವನ್ನು ಹೊತ್ತು ತರುತ್ತವೆ.

ಫಲಿತಾಂಶ ಇದು: ಮೀಸಲು ನೆಲ ಗೊತ್ತಾದ ಕಾಲಕ್ಕೆ ಅಲ್ಲಿ ನಿಂತಿದ್ದ ಮರ ಸುಮಾರು 130 ಕೋಟಿ ಬೋರ್ಡ್ ಫುಟ್ ಎಂದು ಅಂದಾಜು. ಒಂದು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಇಂಚು ದಪ್ಪದ ಹಲಗೆಗೆ ಒಂದು ಬೋರ್ಡ್ ಫುಟ್ ಎನ್ನುತ್ತಾರೆ. ಆಮೇಲೆ ಕಡಿದದ್ದು 200 ಕೋಟಿಗೂ ಮೀರಿ. ಈಗ ನಿಂತಿರುವುದು ಅಂದಿಗಿಂತ ಹೆಚ್ಚು! ಉಪಗ್ರಹದ ಚಿತ್ರದಲ್ಲಿ ಮೆನಾಮಿನಿ ಗಡಿ ಗೆರೆ ಎಳೆದಂತೆ ಕಾಣುತ್ತದೆ. ಒಳಗೆ ಕಡುಹಸಿರು, ಹೊರಗೆ ಹೊಲ.

ಹಾಗಾದರೆ ಬಡತನವೇಕೆ? ಒಂದು ಕಾರಣ ಈ ಪದ್ಧತಿಯೊಳಗೇ ಇದೆ. 1908ರಲ್ಲಿ ನಿಯೋಪಿಟ್ ಎಂಬಲ್ಲಿ ಬುಡಕಟ್ಟಿನ ಗರಗಸದ ಕಾರ್ಖಾನೆ ಬಂತು. ಅದೇ ವರ್ಷದ ಕಾನೂನು ವರ್ಷಕ್ಕೆ ಎರಡು ಕೋಟಿ ಬೋರ್ಡ್ ಫುಟ್ ಎಂಬ ಮಿತಿ ಹಾಕಿತು. ಪೇಟೆ ಕೇಳುವ ಮರವನ್ನಲ್ಲ, ಕಾಡು ಕೊಡುವ ಮರವನ್ನು ಈ ಕಾರ್ಖಾನೆ ಕೊಯ್ಯಬೇಕು. ದೊಡ್ಡ ಗಿರಾಕಿ ಒಂದೇ ಜಾತಿಯ, ಒಂದೇ ಅಳತೆಯ ಮಾಲನ್ನು ತಿಂಗಳು ತಿಂಗಳು ಕೇಳಿದರೆ ಒದಗಿಸುವುದು ಕಷ್ಟ. ಕಾಡು ಬೆಳೆಯುವ ವೇಗ ಇಷ್ಟೇ, ಕೆಲಸವೂ ಇಷ್ಟೇ; ಜನ ಮಾತ್ರ ಹೆಚ್ಚುತ್ತಾರೆ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು, ಹೊರಗಿನಿಂದ ಬಂದದ್ದು. ಸರ್ಕಾರದ ಅಧಿಕಾರಿಗಳು ಆ ಮಿತಿ ಮೀರಿ ಕಾಡನ್ನು ಬೋಳು ಮಾಡಿಸಿದ್ದಕ್ಕೆ ಬುಡಕಟ್ಟು ದಾವೆ ಹೂಡಿತು. 1951ರಲ್ಲಿ 85 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. ಅದರಲ್ಲಿ ತಲೆಗೆ 1,500 ಡಾಲರ್ ಹಂಚಿಕೊಳ್ಳಲು ಸಂಸತ್ತಿನ ಅನುಮತಿ ಬೇಕಿತ್ತು. ಸೆನೆಟರ್ ಆರ್ಥರ್ ವಾಟ್ಕಿನ್ಸ್ ಒಂದು ಷರತ್ತು ಹಾಕಿದರು: ಬುಡಕಟ್ಟಿನ ಸ್ಥಾನಮಾನ, ಅಂದರೆ ಕೇಂದ್ರ ಸರ್ಕಾರ ಅದಕ್ಕೆ ಕೊಟ್ಟಿದ್ದ ಮಾನ್ಯತೆ ಮತ್ತು ರಕ್ಷಣೆ, ರದ್ದಾಗುವುದಕ್ಕೆ ಒಪ್ಪಿಕೊಳ್ಳಿ. ಮೂರು ಸಾವಿರಕ್ಕೂ ಹೆಚ್ಚಿನ ಜನರಿದ್ದ ಸಮುದಾಯದ ಸಭೆಯಲ್ಲಿ ಮತ ಹಾಕಿದವರು ಇನ್ನೂರೂ ಇರಲಿಲ್ಲ: 169 ಪರ, 5 ವಿರುದ್ಧ. ತಮ್ಮದೇ ದುಡ್ಡಿಗೆ ಕೈಚಾಚಿದವರ ಮುಂದೆ ಇಂಥ ಷರತ್ತು ಇಟ್ಟದ್ದು ಅನ್ಯಾಯ. ಅದಕ್ಕೆ ಬೇರೆ ಹೆಸರಿಲ್ಲ. 1954ರಲ್ಲಿ ಕಾನೂನಾಯಿತು, 1961ರಲ್ಲಿ ಜಾರಿಗೆ ಬಂತು.

ಜಾರಿಗೆ ಬಂದ ಮೇಲೆ ಏನಾಯಿತು? ಸದಸ್ಯರ ಪಟ್ಟಿಯನ್ನು 1954ರ ಕಾನೂನೇ 3,270 ಹೆಸರಿಗೆ ಮುಚ್ಚಿತ್ತು. ಆಮೇಲೆ ಹುಟ್ಟಿದ ಕೂಸು ಕಾಗದದ ಮೇಲೆ ಮೆನಾಮಿನಿ ಅಲ್ಲ. ಕಾಡು ಒಂದು ಕಂಪನಿಗೆ ಹೋಯಿತು. ಪಟ್ಟಿಯಲ್ಲಿದ್ದ ಪ್ರತಿಯೊಬ್ಬರಿಗೂ 100 ಷೇರು, ಜೊತೆಗೆ 3,000 ಡಾಲರಿನ ಒಂದು ಬಾಂಡ್. ಬಡ್ಡಿ ನೂರಕ್ಕೆ ನಾಲ್ಕು, ಅಸಲು ಬರುವುದು 2000ನೆಯ ಇಸವಿಗೆ. ಅಂದರೆ ಕೈಗೆ ಬರುವುದು ವರ್ಷಕ್ಕೆ 120 ಡಾಲರ್. ಇದನ್ನೇ ಕಾರ್ಖಾನೆಯ ಕಡೆಯಿಂದ ನೋಡಿ: ಎಲ್ಲರ ಬಡ್ಡಿ ಸೇರಿ ವರ್ಷಕ್ಕೆ ಸುಮಾರು 3,92,000 ಡಾಲರ್. ಇದರ ಮೇಲೆ ತೆರಿಗೆ. ಮೀಸಲು ನೆಲವೇ ವಿಸ್ಕಾನ್ಸಿನ್ನಿನ 72ನೆಯ ಕೌಂಟಿಯಾಗಿತ್ತು. ಆ ಕೌಂಟಿಯ ತೆರಿಗೆಯ ಬಹುಭಾಗ ಕಟ್ಟಬೇಕಾದದ್ದು ಇದೊಂದೇ ಕಂಪನಿ. ತಾತ ಮುತ್ತಾತರ ಕಾಲದಿಂದ ಮನೆ ನಿಂತಿದ್ದ ನೆಲವನ್ನು ಜನ ಕಂಪನಿಯಿಂದ ದುಡ್ಡು ಕೊಟ್ಟು ಕೊಳ್ಳಬೇಕಾಯಿತು. ಎಷ್ಟೋ ಜನ ಆ ಬಾಂಡನ್ನೇ ಕೊಟ್ಟರು. ಬಡವರ ನೆರವು ಕೇಳಲು ಹೋದರೆ, ನಿಮ್ಮ ಹತ್ತಿರ ಬಾಂಡ್ ಇದೆಯಲ್ಲ, ಮೊದಲು ಅದನ್ನು ಒಪ್ಪಿಸಿ ಎಂದರು. ರಾಜ್ಯದ ಮಾನದಂಡಕ್ಕೆ ತಕ್ಕಂತೆ ಸರಿಪಡಿಸಲು ಹಣವಿಲ್ಲದೆ ಆಸ್ಪತ್ರೆ ಮುಚ್ಚಿತು. ಖಜಾನೆಯಲ್ಲಿದ್ದ ಸುಮಾರು ಒಂದು ಕೋಟಿ ಡಾಲರ್ 1964ರ ಹೊತ್ತಿಗೆ ಮೂರು ಲಕ್ಷಕ್ಕೆ ಇಳಿದಿತ್ತು. ಕೊನೆಗೆ ಕಂಪನಿ ಅಣೆಕಟ್ಟು ಕಟ್ಟಿಸಿ, ಕೆರೆಗಳನ್ನು ಕೂಡಿಸಿ, ದಂಡೆಯ ನಿವೇಶನಗಳನ್ನು ಹೊರಗಿನವರಿಗೆ ಮಾರತೊಡಗಿತು. ಜನ ಎದ್ದದ್ದು ಆಗ. ಏಡಾ ಡಿಯರ್ ಮೊದಲಾದವರ ಹೋರಾಟದಿಂದ 1973ರ ಡಿಸೆಂಬರ್ 22ರಂದು ಅಧ್ಯಕ್ಷ ನಿಕ್ಸನ್ ಸಹಿಯೊಂದಿಗೆ ಬುಡಕಟ್ಟಿನ ಸ್ಥಾನಮಾನ ಮರಳಿತು. ಮಾರಿದ ನಿವೇಶನಗಳು ತಾವಾಗಿ ಮರಳಲಿಲ್ಲ.

ಈಗ ಅರ್ಮೇನಿಯನ್ನರ ಕಡೆಗೆ ಬರೋಣ. 1915ರ ನರಮೇಧದಲ್ಲಿ ಹೊಲ, ಮನೆ, ಅಂಗಡಿ, ಊರಿಗೆ ಊರೇ ಹೋಯಿತು. ಉಳಿದು ಬಂದವರ ಕೈಯಲ್ಲಿದ್ದದ್ದು ಹೊತ್ತು ತರಬಹುದಾದದ್ದು ಮಾತ್ರ: ಕಸುಬು, ಐದನೆಯ ಶತಮಾನದ ಲಿಪಿ, ಇಗರ್ಜಿ, ಸಂಘ ಕಟ್ಟುವ ರೂಢಿ. ಈ ರೂಢಿ ಹಳೆಯದು. ಚೆನ್ನೈನ ಅರ್ಮೇನಿಯನ್ ಸ್ಟ್ರೀಟ್ ನೋಡಿದವರಿಗೆ ಗೊತ್ತು. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ ‘ಅಜ್ದರಾರ್’ 1794ರಲ್ಲಿ ಅಚ್ಚಾದದ್ದು ಆ ಮದರಾಸಿನಲ್ಲೇ. 1906ರಲ್ಲಿ ಕೈರೋದಲ್ಲಿ ಹುಟ್ಟಿದ ಅರ್ಮೇನಿಯನ್ ಜನರಲ್ ಬೆನವಲೆಂಟ್ ಯೂನಿಯನ್ ಮುಂದೆ ದೇಶದೇಶಗಳಲ್ಲಿ ಶಾಲೆ, ಅನಾಥಾಲಯ ನಡೆಸಿತು.

ಆದರೂ ಕಸುಬು, ಕಷ್ಟಸಹಿಷ್ಣುತೆ ಇದ್ದ ಮಾತ್ರಕ್ಕೆ ಮೇಲೆ ಬಂದರು ಎನ್ನುವುದು ಅರ್ಧ ಸತ್ಯ. ಆಗಿನ ಅಮೆರಿಕದಲ್ಲಿ ವಲಸೆ ಬಂದ ಏಷ್ಯಾದವರಿಗೆ ಪೌರತ್ವ ಸಿಗಬೇಕಾದರೆ ‘ಬಿಳಿಯ’ ಎಂದು ಸಾಬೀತಾಗಬೇಕಿತ್ತು. 1923ರಲ್ಲಿ ಪಂಜಾಬಿನ ಭಗತ್ ಸಿಂಗ್ ತಿಂಡ್ ಸುಪ್ರೀಂ ಕೋರ್ಟಿನಲ್ಲಿ ಸೋತರು. ಭಾರತೀಯರಿಗೆ ಬಾಗಿಲು ಮುಚ್ಚಿತು. 1925ರಲ್ಲಿ ಆರೆಗನ್ ರಾಜ್ಯದ ಫೆಡರಲ್ ನ್ಯಾಯಾಲಯ, ಕಾರ್ಟೋಜಿಯನ್ ಎಂಬ ಕಂಬಳಿ ವ್ಯಾಪಾರಿಯ ಮೊಕದ್ದಮೆಯಲ್ಲಿ, ಅರ್ಮೇನಿಯನ್ನರು ಬಿಳಿಯರೇ ಎಂದಿತು. ಇದು ಮರ್ಯಾದೆಯ ಪ್ರಶ್ನೆಯಷ್ಟೇ ಆಗಿರಲಿಲ್ಲ. ಪೌರತ್ವಕ್ಕೆ ಅನರ್ಹರಾದವರು ಕೃಷಿಭೂಮಿ ಕೊಳ್ಳುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ 1913ರಲ್ಲೇ ಕಾನೂನು ಮಾಡಿತ್ತು. ತೀರ್ಪು ತಿರುಗಿದ್ದರೆ ಫ್ರೆಸ್ನೋದ ಅರ್ಮೇನಿಯನ್ನರ ದ್ರಾಕ್ಷಿ ತೋಟಗಳ ಮೇಲೆ ಕತ್ತಿ ತೂಗುತ್ತಿತ್ತು. ಅದೇ ಫ್ರೆಸ್ನೋದ ಕೆಲವು ಬಡಾವಣೆಗಳಲ್ಲಿ ಅರ್ಮೇನಿಯನ್ನರಿಗೆ ಮನೆ ಮಾರಕೂಡದೆಂದು ಕ್ರಯಪತ್ರದಲ್ಲೇ ಬರೆದಿರುತ್ತಿತ್ತು, ಅದೂ ನಿಜ. ಆದರೆ ತೋಟ ಅವರ ಹೆಸರಿನಲ್ಲಿತ್ತು. ಅಡವಿಡಬಹುದಿತ್ತು, ಮಾರಿ ಮಗನನ್ನು ಓದಿಸಬಹುದಿತ್ತು. ಬುಡಕಟ್ಟಿನ ಎಲ್ಲರಿಗೂ ಅಮೆರಿಕದ ಪೌರತ್ವ ಸಿಕ್ಕಿದ್ದು 1924ರ ಜೂನಿನಲ್ಲಿ. ಅದಕ್ಕೆ ಒಂದು ವಾರ ಮುಂಚೆ ಅದೇ ಅಧ್ಯಕ್ಷ ಕೂಲಿಡ್ಜ್ ಸಹಿ ಮಾಡಿದ ವಲಸೆ ಕಾನೂನು ಹೊಸ ಅರ್ಮೇನಿಯನ್ನರ ದಾರಿಯನ್ನು ಹೆಚ್ಚುಕಡಿಮೆ ಮುಚ್ಚಿಬಿಟ್ಟಿತು.

ಮೆನಾಮಿನಿ ಮೀಸಲಿನಲ್ಲಿ ಮನೆ ಕಟ್ಟುವವರ ಪಾಡು ಇಂದಿಗೂ ಬೇರೆ. ನೆಲ ಬುಡಕಟ್ಟಿನ ಪರವಾಗಿ ಕೇಂದ್ರ ಸರ್ಕಾರದ ನ್ಯಾಸದಲ್ಲಿದೆ. ಅದನ್ನು ಅಡವಿಡಲಾಗದು, ಆದ್ದರಿಂದ ಸಾಮಾನ್ಯ ಬ್ಯಾಂಕು ಗೃಹಸಾಲಕ್ಕೆ ಹಿಂಜರಿಯುತ್ತದೆ. ಬುಡಕಟ್ಟಿನಿಂದ ಗುತ್ತಿಗೆ ಪತ್ರ ಬರೆಸಿಕೊಂಡು, ಸರ್ಕಾರದ ಖಾತರಿ ಯೋಜನೆಯಡಿ ಅರ್ಜಿ ಹಾಕಬೇಕು. ಯಾವ ಏರ್ಪಾಡು ಕಾಡನ್ನು ಉಳಿಸಿತೋ ಅದೇ ಏರ್ಪಾಡು ಒಬ್ಬೊಬ್ಬರ ಕೈಗೆ ಬಂಡವಾಳ ಸಿಗದಂತೆಯೂ ಮಾಡಿದೆ. ಹಾಗೆಂದು ಹಂಚಿಬಿಡಿ ಎನ್ನುವವರು 1961ನ್ನು ಮರೆತಿದ್ದಾರೆ.

ಅರ್ಮೇನಿಯಾ ದೇಶದ ಕಥೆಯೂ ಸ್ವಲ್ಪ ಹೇಳಬೇಕು. ಅಮೆರಿಕದ ಅರ್ಮೇನಿಯನ್ನರನ್ನಷ್ಟೇ ನೋಡಿದರೆ ಹೋಲಿಕೆ ವಾಲುತ್ತದೆ. ಕರ್ನಾಟಕದ ಆರನೇ ಒಂದು ಭಾಗಕ್ಕೂ ಕಡಿಮೆ ಇರುವ ಈ ದೇಶ 1991ರಲ್ಲಿ ಸೋವಿಯತ್ ಸಾಮೂಹಿಕ ಹೊಲಗಳನ್ನು ಮನೆಮನೆಗೆ ಹಂಚಿತು. ಒಂದು ಮನೆಗೆ ಸರಾಸರಿ ಒಂದೂವರೆ ಹೆಕ್ಟೇರಿನಷ್ಟು, ಅದೂ ಬೇರೆ ಬೇರೆ ಕಡೆ ಚೂರುಚೂರಾಗಿ. ಸಾವಿರ ಎಕರೆಯ ಹೊಲಕ್ಕೆಂದು ಮಾಡಿದ ಪಂಪು, ಕಾಲುವೆ, ಕಟಾವು ಯಂತ್ರ ಈ ಚೂರುಗಳಿಗೆ ಹೊಂದಲಿಲ್ಲ. ಆದರೆ ಅದೇ ಚೂರು ನೆಲದ ಆಲೂಗಡ್ಡೆ ಮುಂದಿನ ಚಳಿಗಾಲಗಳಲ್ಲಿ ಜೀವ ಉಳಿಸಿತು. 1988ರ ಭೂಕಂಪದ ನಂತರ ಮೆಟ್ಸಮೋರ್ ಅಣುಸ್ಥಾವರ ಮುಚ್ಚಿತ್ತು, ನೆರೆಯ ಅಜರ್ಬೈಜಾನಿನೊಡನೆ ನಡೆದ ಯುದ್ಧದಿಂದಾಗಿ ಗಡಿಗಳು ಮುಚ್ಚಿದವು. ದಿನಕ್ಕೆ ಒಂದೆರಡು ಗಂಟೆ ಕರೆಂಟು. ಯೆರೆವಾನಿನ ಜನ ಬೀದಿಬದಿಯ ಮರ ಕಡಿದು ಒಲೆಗೆ ಹಾಕಿದರು, ಮನೆಯ ಮರದ ನೆಲಹಾಸನ್ನೂ ಕಿತ್ತು ಸುಟ್ಟರು. ಸ್ಥಾವರ ಮತ್ತೆ ಶುರುವಾದದ್ದು 1995ರಲ್ಲಿ. ಆ ಚಳಿಯಲ್ಲಿ ಕೂತವರಿಗೆ, ಮರ ಬಲಿಯುವ ತನಕ ಕಾಯಿರಿ ಎಂದು ಹೇಳುವಂತಿರಲಿಲ್ಲ.

ಹಳ್ಳಿಯ ಎಷ್ಟೋ ಗಂಡಸರು ವಸಂತದಲ್ಲಿ ರಷ್ಯಾಕ್ಕೆ ಕಟ್ಟಡ ಕೆಲಸಕ್ಕೆ ಹೋಗಿ ಚಳಿಗಾಲದ ಹೊತ್ತಿಗೆ ಮರಳುತ್ತಾರೆ. ಇದಕ್ಕೆ ಅಲ್ಲಿನವರು ‘ಖೋಪಾನ್’ ಎನ್ನುತ್ತಾರೆ. ರೂಬಲ್ ಬಿದ್ದರೆ ಆ ವರ್ಷ ಮನೆಯ ಸೂರು ರಿಪೇರಿಯಾಗುವುದಿಲ್ಲ.

ಭಾಷೆಯ ವಿಷಯದಲ್ಲಿ ಎರಡೂ ಸಮುದಾಯಗಳ ನೋವು ಹತ್ತಿರದ್ದು. ಮೆನಾಮಿನಿಯನ್ನು ತಾಯ್ನುಡಿಯಾಗಿ ಆಡುವ ಹಿರಿಯರು ಬೆರಳೆಣಿಕೆಯಷ್ಟು. ಪುಟ್ಟ ಮಕ್ಕಳ ಕೇಂದ್ರದಲ್ಲಿ ದಿನವಿಡೀ ಅದೇ ಭಾಷೆ ಆಡಿಸುವ ಪ್ರಯತ್ನ ನಡೆದಿದೆ. ನಿರಾಶ್ರಿತರು ಹೊತ್ತು ತಂದ ಪಶ್ಚಿಮ ಅರ್ಮೇನಿಯನ್ ನುಡಿಯನ್ನೂ ಯುನೆಸ್ಕೊ 2010ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಹಣವಿದ್ದರೆ ಭಾಷೆ ಉಳಿಯುತ್ತದೆ ಎಂದುಕೊಂಡವರು ಇದನ್ನು ಗಮನಿಸಬೇಕು.

ಹೊರನಾಡಿನ ಅರ್ಮೇನಿಯನ್ನರು 1992ರಲ್ಲಿ ಶುರುವಾದ ಹಯಸ್ತಾನ್ ನಿಧಿಗೆ ಪ್ರತಿವರ್ಷ ದೂರದರ್ಶನದಲ್ಲಿ ಹಣ ಕೂಡಿಸುತ್ತಾರೆ. ಮೊದಲ ವರ್ಷಗಳಲ್ಲಿ ಆ ಹಣದಿಂದ ಆದ ದೊಡ್ಡ ಕೆಲಸ ಅರ್ಮೇನಿಯಾದ ಗೋರಿಸ್ ಪಟ್ಟಣದಿಂದ, ಅಜರ್ಬೈಜಾನಿನ ಗಡಿಯೊಳಗೆ ಅರ್ಮೇನಿಯನ್ನರು ನೆಲೆಸಿದ್ದ ನಾಗೊರ್ನೊ ಕರಬಾಖಿನ ಸ್ಟೆಪಾನಕೆರ್ಟಿಗೆ ರಸ್ತೆ. 2023ರ ಸೆಪ್ಟೆಂಬರಿನ ಕೊನೆಯ ವಾರ, ಅಜರ್ಬೈಜಾನ್ ಸೇನೆ ಕರಬಾಖನ್ನು ವಶಪಡಿಸಿಕೊಂಡ ಮೇಲೆ, ಅದೇ ಗೋರಿಸ್ ಕಡೆಗೆ ಒಂದು ಲಕ್ಷಕ್ಕೂ ಹೆಚ್ಚು ಕರಬಾಖ್ ಅರ್ಮೇನಿಯನ್ನರು ಊರು ಖಾಲಿ ಮಾಡಿ ಬಂದರು. ಅವರಲ್ಲಿ ಬಹುಮಂದಿಯ ಬಳಿ ಅರ್ಮೇನಿಯಾದ ಪಾಸ್‌ಪೋರ್ಟ್ ಇತ್ತು. ಅದು ಪ್ರಯಾಣದ ಕಾಗದ ಮಾತ್ರ, ಪೌರತ್ವಕ್ಕೆ ಬೇರೆ ಅರ್ಜಿ ಹಾಕಿ ಎಂದಿತು ಸರ್ಕಾರ. 2024ರಲ್ಲಿ ಬಂದ ಮನೆ ಯೋಜನೆಯಲ್ಲಿ, ನೆಲೆಸುವ ಊರಿಗೆ ತಕ್ಕಂತೆ, ತಲೆಗೆ 30 ಲಕ್ಷದಿಂದ 50 ಲಕ್ಷ ದ್ರಾಮ್ ನೆರವು. ಅದು ಸಿಗುವುದು ಪೌರತ್ವ ಪಡೆದವರಿಗೆ.

ನಮಸ್ಕಾರ.