ನಡಾವಳಿ ಪುಸ್ತಕದಲ್ಲಿ ಮಗುವಿನ ಓದು
(ಅಂಕೋಲಾ ತಾಲೂಕಿನ ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ, ಇದರ ಸದಸ್ಯರ ಸಭೆಯಲ್ಲಿ ಆಡಿದ ಮಾತು)

ಅಕ್ಕಂದಿರೇ, ಅಣ್ಣಂದಿರೇ, ಮಾಸ್ತರರೇ, ಅಕ್ಕೋರೇ, ಎಲ್ಲರಿಗೂ ನಮಸ್ಕಾರ.

ಮೀನುಪೇಟೆ ಬಿಟ್ಟು, ಗದ್ದೆ ಕೆಲಸ ಬಿಟ್ಟು ಬಂದು ಕೂತಿದ್ದೀರಿ. ಅರ್ಧ ದಿನದ ದುಡಿಮೆ ಹೋಯಿತು. ಹಾಗಾಗಿ ನೇರ ವಿಷಯಕ್ಕೇ ಬರುತ್ತೇನೆ.

2001ರಲ್ಲಿ ಸರ್ಕಾರ ಎಸ್‌ಡಿಎಂಸಿ ರಚಿಸಲು ಆದೇಶ ಹೊರಡಿಸಿದಾಗ ನಾನು ಈ ಕರಾವಳಿಯ ಒಂದು ಹಳ್ಳಿ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. ಆಮೇಲೆ ಎಷ್ಟೋ ಸಭೆ ನಡೆಸಿದೆ. ನಿವೃತ್ತಿಯ ವರ್ಷ ಹಳೆಯ ನಡಾವಳಿ ಪುಸ್ತಕಗಳನ್ನೆಲ್ಲ ತೆಗೆದು ಓದಿದೆ. ಹಂಚು ಒಡೆದಿದೆ, ಕಂಪೌಂಡ್ ಆಗಬೇಕು, ಬಿಸಿಯೂಟದ ಪಾತ್ರೆ ತರಬೇಕು, ಸ್ವಾತಂತ್ರ್ಯ ದಿನಕ್ಕೆ ಸಿಹಿ ಹಂಚಬೇಕು. ಪುಟಗಟ್ಟಲೆ ಇದೇ ಠರಾವು. ಮೂರನೇ ಇಯತ್ತೆಯ ಮಕ್ಕಳಿಗೆ ಓದಲು ಬರುತ್ತದೆಯೇ ಎಂದು ಒಬ್ಬರೂ ಒಮ್ಮೆಯೂ ಕೇಳಿರಲಿಲ್ಲ. ಆ ಪುಟಗಳನ್ನು ಬರೆದವಳು ನಾನೇ. ನಾನೂ ಕೇಳಿರಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ. ಇವತ್ತು ಇಲ್ಲಿಗೆ ಬಂದಿದ್ದೂ ಅದಕ್ಕೇ.

ನಮ್ಮ ಮಳೆಗಾಲಕ್ಕೆ ಹಂಚು ಬೇಕೇ ಬೇಕು. ಆದರೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯಿದೆ ನಿಮ್ಮನ್ನು ಹಂಚು ಎಣಿಸುವುದಕ್ಕಷ್ಟೇ ಕೂರಿಸಿಲ್ಲ. ಶಾಲಾ ಸಮಿತಿಯಲ್ಲಿ ಕನಿಷ್ಠ ಮುಕ್ಕಾಲು ಪಾಲು ಪಾಲಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು ಎನ್ನುತ್ತದೆ ಅದು. ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವ ಕೆಲಸ ಸಮಿತಿಯದು. ಮಗುವಿನ ಹಾಜರಿ ಹೇಗಿದೆ, ಕಲಿಕೆ ಎಲ್ಲಿಗೆ ಬಂತು ಎಂದು ಪಾಲಕರನ್ನು ಕರೆದು ತಿಳಿಸುವುದು ಶಿಕ್ಷಕರ ಕರ್ತವ್ಯ ಎಂದೂ ಅದೇ ಕಾಯಿದೆಯಲ್ಲಿದೆ. ಅಂದಮೇಲೆ ನೀವು ಕೇಳಿದರೆ ಅದು ಅಧಿಕಪ್ರಸಂಗ ಆಗುವುದಿಲ್ಲ.

"ನಮಗೇ ಓದು ಬರೂದಿಲ್ಲ ಅಕ್ಕೋರೇ, ನಾವೆಂತ ಕೇಳೂದು?" ಈ ಮಾತು ನಾನು ಬಹಳ ಕೇಳಿದ್ದೇನೆ. ನನ್ನ ಅಪ್ಪ ಗೇಣಿ ರೈತ, ಸಹಿ ಅಂದರೆ ಹೆಬ್ಬೆಟ್ಟು. ದಿನಕರ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ನಮ್ಮಂಥವರ ಹತ್ತಿರಕ್ಕೆ ಹೈಸ್ಕೂಲು ತಂದದ್ದರಿಂದ ನಾನು ಓದಿದೆ. ಹೆಬ್ಬೆಟ್ಟಿನ ಮನೆಗಳ ಬಗ್ಗೆ ನನಗೆ ಹಗುರ ಭಾವನೆ ಇಲ್ಲ.

ಒಬ್ಬ ತಾಯಿಯ ಸಂಗತಿ ಹೇಳುತ್ತೇನೆ. ಬುಟ್ಟಿ ಹೊತ್ತು ಮೀನು ಮಾರುವವರು. ಸಂಜೆ ಹಿತ್ತಿಲಲ್ಲಿ ಬಂಗಡೆ ಕೊಯ್ಯುತ್ತ ಕೂತು, ಮೆಟ್ಟಿಲ ಮೇಲೆ ಮಗಳನ್ನು ಕೂರಿಸಿಕೊಂಡು ಗಟ್ಟಿಯಾಗಿ ಓದಿಸುತ್ತಿದ್ದರು. ನಾನು ಹೋದ ದಿನ ಹುಡುಗಿ ಸರಾಗ ಓದುತ್ತ ಓದುತ್ತ ಒಂದು ಕಡೆ ತಡೆದಳು. ತಾಯಿಯ ಕತ್ತಿಯೂ ನಿಂತಿತು. ತಲೆ ಎತ್ತದೆ, "ಅಲ್ಲೇ ಮತ್ತೊಂದ್ಸಲ ಹೇಳು" ಅಂದರು. ಒತ್ತಕ್ಷರ ಬಂದಲ್ಲೆಲ್ಲ ಹುಡುಗಿ ತಡವರಿಸುತ್ತಿದ್ದಳು. ಅಕ್ಷರ ಗೊತ್ತಿಲ್ಲದ ತಾಯಿಗೆ ಅದು ಕಿವಿಯಲ್ಲೇ ಗೊತ್ತಾಗಿತ್ತು. ದಿನವೂ ಕಲಿಸುತ್ತಿದ್ದ ನನಗೆ ಗೊತ್ತಾಗಿರಲಿಲ್ಲ. ಮಾರನೆಯ ದಿನದಿಂದ ಒತ್ತಕ್ಷರದ ಪಾಠ ಮತ್ತೆ ಶುರುಮಾಡಿದೆ. ತಡವರಿಸುವವರು ಅವಳೊಬ್ಬಳೇ ಇರಲಿಲ್ಲ.

ಇನ್ನೊಂದು, ಭಾಷೆ. ಕಾರವಾರದ ಕಡೆ ಎಷ್ಟೋ ಮನೆಗಳಲ್ಲಿ ಕೊಂಕಣಿ. ಮನೆಯಲ್ಲಿ 'ಘರ' ಅಂದ ಮಗುವಿಗೆ ಶಾಲೆಯಲ್ಲಿ 'ಮನೆ'. ಮುಂಡಗೋಡ, ಯಲ್ಲಾಪುರದ ಗೌಳಿವಾಡೆಗಳಲ್ಲಿ, ಅಂದರೆ ದನ ಸಾಕುವ ಗೌಳಿಗರ ಕೇರಿಗಳಲ್ಲಿ, ಮರಾಠಿಯಂಥ ಮಾತು. ಮಗು ಸುಮ್ಮನೆ ಕೂತರೆ ದಡ್ಡ ಅಂದುಬಿಡುತ್ತೇವೆ. ಒಂದನೇ ಇಯತ್ತೆಯ ಮೊದಲ ಎರಡು ತಿಂಗಳು ಸಮಿತಿಯ ಒಬ್ಬ ತಾಯಿ ವಾರಕ್ಕೆರಡು ದಿನ, ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ತರಗತಿಯಲ್ಲಿ ಕೂರಲಿ. ಮನೆಮಾತಿನಲ್ಲಿ ಒಂದು ಕತೆ ಹೇಳಲಿ, ಶಿಕ್ಷಕರು ಅದನ್ನೇ ಕನ್ನಡದಲ್ಲಿ ಹೇಳಲಿ. ಇದಕ್ಕೆ ಯಾವ ಅನುದಾನವೂ ಬೇಡ.

ಹಾಜರಿಯ ವಿಷಯವಂತೂ ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಆಗಸ್ಟ್‌ನಲ್ಲಿ ಬೋಟು ಇಳಿಯುತ್ತಿದ್ದಂತೆ ಏಳನೇ ಇಯತ್ತೆಯ ಹುಡುಗರು ಒಬ್ಬೊಬ್ಬರೇ ಬಂದರಿನತ್ತ ಹೋಗುತ್ತಾರೆ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದಲ್ಲಿ ಅಡಿಕೆ ಕೊಯ್ಲಿಗೆ ಇದೇ ಕತೆ. ಹಾಜರಿ ಪುಸ್ತಕದಲ್ಲಿ ಶಿಕ್ಷಕರು 'ಗೈರು' ಎಂದು ಬರೆಯುತ್ತಾರೆ, ಅಷ್ಟೇ. ಯಾರ ಬೋಟು, ಮನೆಯಲ್ಲಿ ಎಷ್ಟು ಸಾಲ ಎನ್ನುವುದು ನಿಮಗೆ ಗೊತ್ತು. ನಾನಿದ್ದ ಊರಿನಲ್ಲಿ ಸಮಿತಿಯ ಇಬ್ಬರು ಬೋಟಿನ ಮಾಲೀಕರ ಮನೆಗೇ ಹೋಗಿ, "ಈ ಹುಡುಗರನ್ನ ಕೆಲಸಕ್ಕೆ ಸೇರಿಸಬೇಡಿ" ಎಂದು ಕೇಳಿಕೊಂಡರು. ನಾಲ್ವರಲ್ಲಿ ಮೂವರು ತಿರುಗಿ ಬಂದರು. ಬಾರದ ಆ ಒಬ್ಬನ ಮುಖ ನನಗೆ ಈಗಲೂ ನೆನಪಿದೆ.

ಶಿಕ್ಷಕರಲ್ಲೂ ಒಂದು ಕೋರಿಕೆ. ನಡಾವಳಿ ಪುಸ್ತಕವನ್ನು ಮನೆಮನೆಗೆ ಕಳಿಸಿ ಸಹಿ ಹಾಕಿಸುವ ರೂಢಿ ಬಿಡೋಣ. ಸಭೆಯನ್ನು ಮೀನುಪೇಟೆ ಮುಗಿಯುವ ಹೊತ್ತಿಗೆ ಇಡಿ, ಹೆಂಗಸರು ಬರುತ್ತಾರೆ. ಪಾಲಕರಿಗೆ ಮಕ್ಕಳ ಕಲಿಕೆ ತೋರಿಸುವ 'ಸಮುದಾಯದತ್ತ ಶಾಲೆ' ದಿನ ಉತ್ತರಪತ್ರಿಕೆ ಕೈಗೆ ಕೊಟ್ಟು ಕಳಿಸಬೇಡಿ. ಪಕ್ಕ ಕೂತು ಮಗುವಿನಿಂದ ಒಂದು ಪುಟ ಓದಿಸಿ, ಅಪ್ಪ ಅಮ್ಮ ಕೇಳಲಿ. ಪಾಲಕರು ಪ್ರಶ್ನೆ ಕೇಳಿದರೆ ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ ಅನ್ನಿಸುತ್ತದೆ, ನನಗೂ ಅನ್ನಿಸುತ್ತಿತ್ತು. ಆದರೆ ಶಿಕ್ಷಕರು ಸಾಲದೆ ಒಬ್ಬರೇ ನಾಲ್ಕು ಇಯತ್ತೆ ನೋಡುತ್ತಿರುವಾಗ ನಮ್ಮ ಪರವಾಗಿ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗಿ ನಿಂತವರೂ ಇದೇ ಪಾಲಕರು.

ಮುಂದಿನ ಸಭೆಯ ಹಿಂದಿನ ರಾತ್ರಿ ನಿಮ್ಮ ಮಗುವಿನಿಂದ ಹತ್ತು ಸಾಲು ಓದಿಸಿ. ಎಲ್ಲಿ ತಡೆಯಿತು ಎಂದು ಸಭೆಯಲ್ಲಿ ಹೇಳಿ. ಹಂಚಿನ ಠರಾವಿಗಿಂತ ಮೊದಲು ಅದನ್ನು ಬರೆಸಿ.

ಈಗ ನೀವು ಮಾತಾಡಿ, ನಾನು ಕೂತು ಕೇಳುತ್ತೇನೆ.