ಜೈಂಟ್ಸ್‌ಗೆ ಈಗ ಬೇಕಿರೋದು ಹೊಡೆಯೋರಲ್ಲ, ಓಡಿ ಹಿಡಿಯೋರು

81, 79, 80, 81.

2022ರಿಂದ 2025ರವರೆಗೆ ಅಮೆರಿಕದ ಬೇಸ್‌ಬಾಲ್ ತಂಡ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ವರ್ಷವರ್ಷ ಗೆದ್ದ ಪಂದ್ಯಗಳ ಲೆಕ್ಕ ಇದು. ಒಂದು ಸೀಸನ್‌ಗೆ 162 ಪಂದ್ಯ. ಅಂದ್ರೆ ನಾಲ್ಕು ವರ್ಷದಿಂದ ನಮ್ಮ ತಂಡ ಸರಿಯಾಗಿ ನಡುಮಧ್ಯೆ ನಿಂತಿದೆ. ತೀರಾ ಕೆಟ್ಟ ತಂಡ ಆಗಿದ್ರೆ ಇರೋರನ್ನೆಲ್ಲ ಕಳಿಸಿ ಹೊಸದಾಗಿ ಶುರು ಮಾಡಬಹುದಿತ್ತು. ಒಳ್ಳೆ ತಂಡ ಆಗಿದ್ರೆ ಅಕ್ಟೋಬರ್‌ನಲ್ಲಿ ಪ್ಲೇಆಫ್ ಆಡ್ತಿದ್ವಿ. ಎರಡೂ ಆಗಲಿಲ್ಲ. ನನಗೆ ಸಂಕಟ ಆಗೋದೇ ಈ ನಡುಮಧ್ಯದ ಸ್ಥಿತಿ ನೋಡಿ.

ನಮಸ್ಕಾರ ಎಲ್ಲರಿಗೂ. ಇದು 2025ರ ನವೆಂಬರ್ ತಿಂಗಳು, ಮೈದಾನ ಖಾಲಿ, ಆಟ ಇಲ್ಲ. ಆದ್ರೆ ತಂಡ ಕಟ್ಟೋ ಕಾಲ ಇದೇ. ಮುಂದಿನ ಸೀಸನ್‌ಗೆ ಜೈಂಟ್ಸ್ ಯಾರನ್ನ ತರಬೇಕು, ಯಾರನ್ನ ಎಲ್ಲಿ ನಿಲ್ಲಿಸಬೇಕು ಅಂತ ನಾನು ತುಂಬ ಯೋಚನೆ ಮಾಡಿದೀನಿ. ಇವತ್ತು ಅದನ್ನ ನಿಮ್ಮ ಮುಂದೆ ಇಡ್ತೀನಿ.

ಈಗ ನೀವು ನೋಡ್ತಿರೋದು ನಮ್ಮ ತಂಡದ ಮೈದಾನ ಒರಾಕಲ್ ಪಾರ್ಕ್. ಕ್ಯಾಲ್‌ಟ್ರೇನ್‌ನ ಕೊನೆ ನಿಲ್ದಾಣದಲ್ಲಿ ಇಳಿದು ಸ್ವಲ್ಪ ನಡೆದ್ರೆ ಸಿಗುತ್ತೆ. ನೀರಿನ ಪಕ್ಕ ಕಾಣ್ತಿರೋದು ಬಲಗಡೆಯ ಇಟ್ಟಿಗೆ ಗೋಡೆ. ಎತ್ತರ 24 ಅಡಿ, ಜೈಂಟ್ಸ್‌ನ ಹಳೇ ದಿಗ್ಗಜ ವಿಲ್ಲಿ ಮೇಸ್ ಹಾಕ್ತಿದ್ದ 24ನೇ ನಂಬರಿನ ನೆನಪಿಗೆ. ಬ್ಯಾಟರ್ ನಿಲ್ಲೋ ಜಾಗದಿಂದ ಬಲಮೂಲೆಗೆ ಬರೀ 309 ಅಡಿ. ಕೇಳೋಕೆ ಹತ್ತಿರ ಅನ್ಸುತ್ತೆ. ಆದ್ರೆ ಗೋಡೆ ಹಾಗೇ ಮಧ್ಯದ ಕಡೆಗೆ ಸಾಗಿ, ಬಲ ಮತ್ತು ಮಧ್ಯದ ನಡುವಿನ ಮೂಲೆ ಹೊತ್ತಿಗೆ 415 ಅಡಿ ದೂರ ಹೋಗಿಬಿಡುತ್ತೆ. ಆ ಮೂಲೆಗೆ ಟ್ರಿಪಲ್ಸ್ ಆಲಿ ಅಂತಾನೇ ಹೆಸರು. ಅಲ್ಲಿ ಬಿದ್ದ ಚೆಂಡನ್ನ ಎತ್ಕೊಂಡು ಎಸೆಯೋಷ್ಟರಲ್ಲಿ ಬ್ಯಾಟರ್ ಮೂರನೇ ಬೇಸ್, ಅಂದ್ರೆ ರನ್‌ಗೆ ಸುತ್ತಬೇಕಾದ ನಾಲ್ಕು ನಿಲುಗಡೆಯಲ್ಲಿ ಮೂರನೆಯದು, ತಲುಪಿರ್ತಾನೆ. ಅದನ್ನೇ ಟ್ರಿಪಲ್ ಅನ್ನೋದು. ಇದರ ಜೊತೆಗೆ ಸಂಜೆ ಆದ್ರೆ ಸಮುದ್ರದ ತಣ್ಣನೆ ದಪ್ಪ ಗಾಳಿ. ಬೇರೆ ಊರಲ್ಲಿ ಬೇಲಿ ದಾಟೋ ಹೊಡೆತ ಇಲ್ಲಿ ಮೈದಾನದೊಳಗೇ ಇಳಿಯುತ್ತೆ.

ಈ ಮೈದಾನ ಹೊಡೆಯೋರಿಗೆ ಎಷ್ಟು ಕಷ್ಟ ಅಂತ ಒಂದು ಲೆಕ್ಕ ಹೇಳ್ತೀನಿ. 2004ರಲ್ಲಿ ನಮ್ಮ ಬ್ಯಾರಿ ಬಾಂಡ್ಸ್ 45 ಹೋಮ್ ರನ್ (ಬೇಲಿ ದಾಟೋ ಹೊಡೆತ, ಸಿಕ್ಸರ್ ಥರ) ಹೊಡೆದ. ಅದಾದ ಮೇಲೆ ಜೈಂಟ್ಸ್‌ನ ಯಾವ ಆಟಗಾರನೂ ಒಂದು ಸೀಸನ್‌ನಲ್ಲಿ 30 ಮುಟ್ಟಲಿಲ್ಲ. ಮತ್ತೆ ಮುಟ್ಟಿದ್ದು 2025ರಲ್ಲಿ, ವಿಲ್ಲಿ ಅಡಾಮೆಸ್. ಮಧ್ಯದ ಇಪ್ಪತ್ತು ವರ್ಷದಲ್ಲಿ ಒಬ್ಬನೂ ಇಲ್ಲ. ಆದ್ರೆ ಅದೇ ಇಪ್ಪತ್ತು ವರ್ಷದಲ್ಲಿ ಈ ತಂಡ 2010, 2012, 2014ರಲ್ಲಿ ಮೂರು ವರ್ಲ್ಡ್ ಸೀರೀಸ್, ಅಂದ್ರೆ ಹೆಚ್ಚೆಂದರೆ ಏಳು ಪಂದ್ಯದ ಫೈನಲ್, ಗೆದ್ದಿದೆ. ನನ್ನ ವಾದ ಹೊರಡೋದು ಇಲ್ಲಿಂದ. ಟಿಮ್ ಲಿನ್ಸ್‌ಕಮ್, ಮ್ಯಾಟ್ ಕೇನ್, ಮ್ಯಾಡಿಸನ್ ಬಮ್‌ಗಾರ್ನರ್, ಇವರೆಲ್ಲ ಪಿಚರ್‌ಗಳು, ಅಂದ್ರೆ ಬ್ಯಾಟರ್‌ಗೆ ಚೆಂಡು ಎಸೆಯೋರು. 2014ರ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯದಲ್ಲಿ ಬಮ್‌ಗಾರ್ನರ್ ಎರಡೇ ದಿನ ವಿಶ್ರಾಂತಿ ತಗೊಂಡು ಬಂದು ಐದು ಇನ್ನಿಂಗ್ಸ್ (ಒಂದು ಪಂದ್ಯಕ್ಕೆ ಒಂಬತ್ತು) ಎಸೆದು ಒಂದು ರನ್ನೂ ಕೊಡದೆ ಮುಗಿಸಿದ. ಆ ಮೂರೂ ತಂಡದಲ್ಲಿ ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಥರ) ಆಗಿದ್ದವನು ಬಸ್ಟರ್ ಪೋಸಿ. ಇವತ್ತು ತಂಡ ಕಟ್ಟೋ ಅಧಿಕಾರ ಇರೋದು ಅದೇ ಪೋಸಿ ಕೈಯಲ್ಲಿ.

ಪೋಸಿ ಬಂದ ಮೇಲೆ ಮಾಡಿದ ದೊಡ್ಡ ಖರ್ಚು ಎರಡೂ ಬ್ಯಾಟ್‌ಗೇ ಹೋಯ್ತು. ಮೊದಲು ಅಡಾಮೆಸ್, ಏಳು ವರ್ಷಕ್ಕೆ 18.2 ಕೋಟಿ ಡಾಲರ್. ತಂಡದ ಚರಿತ್ರೆಯಲ್ಲೇ ದೊಡ್ಡ ಒಪ್ಪಂದ ಅದು. ಅದಕ್ಕೂ ಮುಂಚಿನ ದಾಖಲೆ ಆಟಗಾರ ಪೋಸಿದೇ. ಆಮೇಲೆ 2025ರ ಜೂನ್ 15ಕ್ಕೆ ಬಾಸ್ಟನ್‌ನಿಂದ ರಫೇಲ್ ಡೆವರ್ಸ್. ಅವನ ಒಪ್ಪಂದ 2033ರವರೆಗೆ ಇದೆ, ಕೊಡಬೇಕಾದ ಬಾಕಿ 25 ಕೋಟಿ ಡಾಲರಿಗೂ ಹೆಚ್ಚು. ನಾನು ಈ ಎರಡನ್ನೂ ತಪ್ಪು ಅನ್ನಲ್ಲ. ಡೆವರ್ಸ್ ಎರಡು ತಂಡ ಸೇರಿ 35 ಹೋಮ್ ರನ್ ಹೊಡೆದ. ಬಾಸ್ಟನ್‌ಗೆ 73 ಪಂದ್ಯ, ನಮಗೆ 90 ಪಂದ್ಯ, ಒಟ್ಟು 163. ಅವನು ಬಂದಾಗ ಜೈಂಟ್ಸ್ ಬಾಸ್ಟನ್‌ಗಿಂತ ಒಂದು ಪಂದ್ಯ ಕಡಿಮೆ ಆಡಿತ್ತು, ಹಾಗಾಗಿ 162 ಪಂದ್ಯದ ಸೀಸನ್‌ನಲ್ಲಿ 163 ಪಂದ್ಯ ಆಡಿದ ಮನುಷ್ಯ! ಅವನ ಶ್ರಮದ ಬಗ್ಗೆ ಯಾರೂ ಮಾತಾಡೋ ಹಾಗಿಲ್ಲ.

ಆದ್ರೂ ಫಲ ಏನು ಬಂತು ನೋಡಿ. ಡೆವರ್ಸ್ ಬಂದ ದಿನ ತಂಡ 41 ಗೆದ್ದು 31 ಸೋತಿತ್ತು. ಅವನು ಬಂದ ಮೇಲೆ 40 ಗೆಲುವು, 50 ಸೋಲು. ಇದು ಅವನ ದೋಷ ಅಲ್ಲ. ಬ್ಯಾಟಿಗೆ ಬ್ಯಾಟ್ ಸೇರಿಸಿದ್ರೆ ತಂಡ ಆಗಲ್ಲ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ನನಗೆ ಬೇಕಿಲ್ಲ.

ಬೆಂಗಳೂರಲ್ಲಿ ಕೂತು ಈ ವಿಡಿಯೊ ನೋಡ್ತಿರೋರಿಗೆ ಈ ಮಾತು ತಕ್ಷಣ ಅರ್ಥ ಆಗುತ್ತೆ. 2016ರಲ್ಲಿ ಕೊಹ್ಲಿ ಒಂದೇ ಸೀಸನ್‌ನಲ್ಲಿ 973 ರನ್ ಹೊಡೆದ. ಗೇಲ್ ಇದ್ದ, ಎಬಿಡಿ ಇದ್ದ. ಫೈನಲ್ ನಮ್ಮ ಚಿನ್ನಸ್ವಾಮಿಯಲ್ಲೇ ಇತ್ತು. ಹೈದರಾಬಾದ್‌ಗೆ 208 ಕೊಟ್ಟು ಎಂಟು ರನ್‌ನಿಂದ ಸೋತ್ವಿ. ಆರ್‌ಸಿಬಿಗೆ ಕಪ್ ಬಂದಿದ್ದು 2025ರಲ್ಲಿ, ಹರಾಜಿನಲ್ಲಿ ಹೇಜಲ್‌ವುಡ್‌ಗೆ 12.5 ಕೋಟಿ, ಭುವನೇಶ್ವರ್‌ಗೆ 10.75 ಕೋಟಿ ರೂಪಾಯಿ ಕೊಟ್ಟು ಬೌಲಿಂಗ್ ಕಟ್ಟಿದ ಮೇಲೆ. ಫೈನಲ್‌ನಲ್ಲಿ ಪಂದ್ಯಶ್ರೇಷ್ಠ ಆಗಿದ್ದು ನಾಲ್ಕು ಓವರಿಗೆ 17 ರನ್ ಕೊಟ್ಟು ಎರಡು ವಿಕೆಟ್ ತಗೊಂಡ ಕೃಣಾಲ್. ಹದಿನೆಂಟು ವರ್ಷ ಕಾದು ಕಲಿತ ಪಾಠ ಅದು. ಜೈಂಟ್ಸ್ ಅಷ್ಟು ವರ್ಷ ಕಾಯೋದು ಬೇಡ.

ಹಾಗಾದ್ರೆ ಏನು ಬೇಕು? ನನ್ನ ಪ್ರಕಾರ ಎಲ್ಲಕ್ಕಿಂತ ಮೊದಲು ಔಟ್‌ಫೀಲ್ಡ್, ಅಂದ್ರೆ ಬೇಲಿ ಕಡೆ ಎಡ, ಮಧ್ಯ, ಬಲದಲ್ಲಿ ನಿಂತು ಚೆಂಡು ಹಿಡಿಯೋ ಮೂವರು.

ಎಡಗಡೆ ಹೀಲಿಯಟ್ ರಾಮೋಸ್. ನನಗೆ ತುಂಬ ಇಷ್ಟದ ಹುಡುಗ. ಈ ಕಾಣ್ತಿರೋ ನೀರಿಗೆ, ಮೆಕವಿ ಕೋವ್‌ಗೆ, ನೇರವಾಗಿ ಚೆಂಡು ಬೀಳಿಸಿದ ಮೊದಲ ಬಲಗೈ ಬ್ಯಾಟರ್ ಅವನು, 2024ರ ಸೆಪ್ಟೆಂಬರ್‌ನಲ್ಲಿ. ಅಲ್ಲಿವರೆಗೆ ಅದು ಎಡಗೈ ಬ್ಯಾಟರ್‌ಗಳದ್ದೇ ಸೊತ್ತಾಗಿತ್ತು; ಬಾಂಡ್ಸ್ ಒಬ್ಬನೇ 35 ಸಲ ಬೀಳಿಸಿದ್ದ. ಆದ್ರೆ 2025ರಲ್ಲಿ ಎಡಗಡೆ ರಾಮೋಸ್ ಚೆಂಡು ಹಿಡಿಯೋದು ನೋಡೋಕೆ ಕಷ್ಟ ಆಗ್ತಿತ್ತು. ಮೊದಲ ಹೆಜ್ಜೆ ತಡ, ಓಡೋ ದಾರಿ ಸುತ್ತು. ಮಧ್ಯದಲ್ಲಿ ಜಂಗ್ ಹೂ ಲೀ. ಕೊರಿಯಾದಿಂದ 11.3 ಕೋಟಿ ಡಾಲರ್ ಕೊಟ್ಟು ಕರೆತಂದ ಆಟಗಾರ. 12 ಟ್ರಿಪಲ್ ಹೊಡೆದ, ಓಟ ಚೆನ್ನಾಗಿದೆ, ತೋಳಲ್ಲಿ ಬಲ ಇದೆ. ಆದ್ರೂ ಇಷ್ಟು ದೊಡ್ಡ ಮೈದಾನದ ಮಧ್ಯಭಾಗವನ್ನ ಒಬ್ಬನೇ ಕಾಯೋ ಮಟ್ಟದ ಸೆಂಟರ್ ಫೀಲ್ಡರ್ ಅಲ್ಲ. ಬಲಗಡೆ ಮೈಕ್ ಯಸ್ತ್ರೆಮ್‌ಸ್ಕಿ ಇದ್ದ. ಜುಲೈ ಕೊನೆಗೆ ಅವನನ್ನ ಕ್ಯಾನ್ಸಸ್ ಸಿಟಿಗೆ ಕಳಿಸಿಬಿಟ್ರು. ಆಮೇಲೆ ಅಲ್ಲಿ ಯಾರೂ ಕಾಯಂ ಆಗಿ ನಿಲ್ಲಲಿಲ್ಲ.

ಇದಕ್ಕೆ ನನ್ನ ಹತ್ತಿರ ಇರೋ ಪರಿಹಾರ: ಮಧ್ಯಕ್ಕೆ ಒಬ್ಬ ನಿಜವಾದ ಓಟಗಾರನನ್ನ ತನ್ನಿ, ಲೀಯನ್ನ ಬಲಗಡೆಗೆ ಕಳಿಸಿ. ಟ್ರಿಪಲ್ಸ್ ಆಲಿಯಿಂದ ಮೂರನೇ ಬೇಸ್‌ಗೆ ಎಸೆಯೋಕೆ ಬಲವಾದ ತೋಳು ಬೇಕು, ಅವನಿಗದು ಇದೆ. ಮಧ್ಯಕ್ಕೆ ಹ್ಯಾರಿಸನ್ ಬೇಡರ್ ಈಗ ಫ್ರೀ ಏಜೆಂಟ್, ಅಂದ್ರೆ ಯಾವ ತಂಡದ ಜೊತೆಗೂ ಒಪ್ಪಂದ ಇಲ್ಲ, ಯಾರು ಬೇಕಾದ್ರೂ ತಗೋಬಹುದು. ಬ್ಯಾಟಿಂಗ್‌ನಲ್ಲಿ ಅವನು ದೊಡ್ಡ ತಾರೆ ಅಲ್ಲ, ಅದಕ್ಕೇ ಬೆಲೆಯೂ ಕೈಗೆಟುಕುತ್ತೆ. ಕೋಡಿ ಬೆಲಿಂಜರ್ ಸಿಕ್ಕಿದ್ರೆ ಇನ್ನೂ ಸಂತೋಷ, ಹೊಡೀತಾನೆ, ಹಿಡೀತಾನೆ. ಆದ್ರೆ ಅವನ ಬೆಲೆ ಬೇರೆ ಮಟ್ಟದ್ದು. ನಾನು ಬೇಡರ್ ಅನ್ನೇ ತರ್ತೀನಿ, ಉಳಿದ ದುಡ್ಡನ್ನ ಪಿಚಿಂಗ್‌ಗೆ ಹಾಕ್ತೀನಿ. ಎಲ್ಲರೂ ದೊಡ್ಡ ಬೆಲೆಯ ಬ್ಯಾಟರ್ ಕೈಲ್ ಟಕರ್ ಹೆಸರು ಹೇಳ್ತಿದ್ದಾರೆ. ಟಕರ್ ಒಳ್ಳೆ ಆಟಗಾರ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಅವನ ಹಿಂದೆ ಹೋದ್ರೆ ಮತ್ತೆ ಅದೇ ದಾರಿ.

ಹೊಟ್ಟೆ ಉರಿಯೋ ಒಂದು ಉದಾಹರಣೆ ಕೊಡ್ತೀನಿ, ಯಾಕಂದ್ರೆ ಗೆದ್ದಿದ್ದು ನಮ್ಮ ಬದ್ಧ ಎದುರಾಳಿ ಲಾಸ್ ಏಂಜಲಿಸ್ ಡಾಡ್ಜರ್ಸ್. ಈ ತಿಂಗಳು 1ನೇ ತಾರೀಕು ಟೊರಾಂಟೊದಲ್ಲಿ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ. ಒಂಬತ್ತನೇ ಇನ್ನಿಂಗ್ಸ್, ಸ್ಕೋರ್ 4-4, ಮೂರೂ ಬೇಸ್‌ನಲ್ಲಿ ಟೊರಾಂಟೊ ತಂಡ ಬ್ಲೂ ಜೇಸ್‌ನ ಓಟಗಾರರು, ಎರಡು ಔಟ್ (ಮೂರಾದ್ರೆ ಸರದಿ ಮುಗೀತು). ಒಂದು ರನ್ ಬಂದ್ರೆ ಡಾಡ್ಜರ್ಸ್ ಕಥೆ ಮುಗೀತು. ಬ್ಲೂ ಜೇಸ್‌ನ ಎರ್ನಿ ಕ್ಲೆಮೆಂಟ್ ಎಡ ಮತ್ತು ಮಧ್ಯದ ನಡುವೆ ದೂರಕ್ಕೆ ಹೊಡೆದ. ಡಾಡ್ಜರ್ಸ್‌ನ ಆ್ಯಂಡಿ ಪಾಹೆಸ್ ಓಡಿಬಂದು, ತನ್ನದೇ ತಂಡದ ಕೀಕೆ ಹೆರ್ನಾಂಡೆಸ್‌ಗೆ ಡಿಕ್ಕಿ ಹೊಡೆದು ಚೆಂಡು ಹಿಡಿದ. ಪಾಹೆಸ್ ಆ ಪಂದ್ಯ ಶುರುವಿಂದ ಆಡಿರಲಿಲ್ಲ. ಫೀಲ್ಡಿಂಗ್‌ಗೋಸ್ಕರ ಅಂತಲೇ ಅದೇ ಇನ್ನಿಂಗ್ಸ್‌ನಲ್ಲಿ ಒಳಗೆ ಕಳಿಸಿದ್ರು. ಹನ್ನೊಂದನೇ ಇನ್ನಿಂಗ್ಸ್‌ನಲ್ಲಿ ಡಾಡ್ಜರ್ಸ್ 5-4ರಿಂದ ಗೆದ್ದು, ಸತತ ಎರಡನೇ ಸಲ ಟ್ರೋಫಿ ತಗೊಂಡು ಹೋದ್ರು. ಅಷ್ಟೆಲ್ಲ ದುಡ್ಡಿರೋ ತಂಡವನ್ನ ಕಾಪಾಡಿದ್ದು ಒಂದು ಕೈಗವಸು.

ಈಗ ಪಿಚಿಂಗ್. ಲೋಗನ್ ವೆಬ್ ನಮ್ಮ ಹತ್ತಿರ ಇದ್ದಾನೆ, 2028ರವರೆಗೆ. 2025ರಲ್ಲಿ 207 ಇನ್ನಿಂಗ್ಸ್, 224 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಬ್ಯಾಟರ್‌ನ ಔಟ್ ಮಾಡೋದು), ಎರಡರಲ್ಲೂ ನಾವು ಆಡೋ ನ್ಯಾಷನಲ್ ಲೀಗ್‌ಗೇ ಮೊದಲಿಗ. ಅವನ ಮುಖ್ಯ ಆಯುಧ ಸಿಂಕರ್, ಬ್ಯಾಟ್ ಹತ್ತಿರ ಬರ್ತಾ ಕೆಳಗೆ ಇಳಿಯೋ ಎಸೆತ. ಬ್ಯಾಟರ್ ಅದನ್ನ ನೆಲಕ್ಕೇ ಹೊಡೀತಾನೆ, ಚೆಂಡು ಇನ್‌ಫೀಲ್ಡ್‌ಗೆ, ಅಂದ್ರೆ ಬೇಸ್‌ಗಳಿರೋ ಒಳಭಾಗಕ್ಕೆ, ಉರುಳಿ ಹೋಗುತ್ತೆ. ಅಲ್ಲಿ ಮೂರನೇ ಬೇಸ್‌ನಲ್ಲಿ ಫೀಲ್ಡಿಂಗ್‌ಗೆ ಕೊಡೋ ಗೋಲ್ಡ್ ಗ್ಲವ್ ಪ್ರಶಸ್ತಿಯನ್ನ ಐದು ಸಲ ಗೆದ್ದ ಮ್ಯಾಟ್ ಚಾಪ್‌ಮನ್, ಪಕ್ಕದಲ್ಲಿ ಅಡಾಮೆಸ್. ಬ್ಯಾಟರ್ ಹಿಂದೆ ಕ್ಯಾಚರ್ ಪ್ಯಾಟ್ರಿಕ್ ಬೇಲಿ, ಅವನಿಗೂ ಎರಡು ವರ್ಷ ಸತತ ಗೋಲ್ಡ್ ಗ್ಲವ್. ಇಂಥ ಇನ್‌ಫೀಲ್ಡ್ ಇಟ್ಕೊಂಡು, ಚೆಂಡನ್ನ ನೆಲಕ್ಕೆ ಹೊಡೆಸೋ ಇನ್ನೊಬ್ಬ ಪಿಚರ್ ಇಲ್ಲದಿರೋದು ಒಳ್ಳೆ ಗದ್ದೆಯನ್ನ ಬೀಳು ಬಿಟ್ಟ ಹಾಗೆ.

ಹ್ಯೂಸ್ಟನ್‌ನ ಫ್ರಾಂಬರ್ ವಾಲ್ಡೆಸ್ ಈಗ ಫ್ರೀ ಏಜೆಂಟ್. ಎಡಗೈ. ಬ್ಯಾಟರ್‌ಗಳಿಂದ ಚೆಂಡನ್ನ ನೆಲಕ್ಕೆ ಹೊಡೆಸೋದರಲ್ಲಿ ಅವನಷ್ಟು ಪಳಗಿದ ಸ್ಟಾರ್ಟರ್ (ಪಂದ್ಯದ ಶುರುವಿಂದ ಎಸೆಯೋ ಪಿಚರ್) ಈ ಸಲದ ಮಾರುಕಟ್ಟೆಯಲ್ಲಿ ಇನ್ನೊಬ್ಬ ಇಲ್ಲ. ವಯಸ್ಸು 32, ದುಡ್ಡು ಜಾಸ್ತಿ ಆಗುತ್ತೆ, ಹೊಸ ಹುಡುಗರನ್ನ ಆರಿಸೋ ಡ್ರಾಫ್ಟ್‌ನಲ್ಲಿ ನಮ್ಮ ಆಯ್ಕೆಯನ್ನೂ ಬಿಟ್ಟುಕೊಡಬೇಕಾಗುತ್ತೆ. ಪಿಚರ್‌ನ ಮೊಣಕೈ ಯಾವತ್ತು ಕೈಕೊಡುತ್ತೋ ಹೇಳೋಕಾಗಲ್ಲ, ಒಪ್ಪುತ್ತೀನಿ. ಆದ್ರೂ ನಾಲ್ಕು ವರ್ಷದ ಒಪ್ಪಂದಕ್ಕೆ ಬರ್ತಾನೆ ಅಂದ್ರೆ ಬಿಡಬಾರದು. ಅವನು ಕೈತಪ್ಪಿದ್ರೆ ಫಿಲಡೆಲ್ಫಿಯಾದ ರೇಂಜರ್ ಸುವಾರೆಸ್. ಯಾಕೆ ಇಷ್ಟು ಒತ್ತಿ ಹೇಳ್ತೀನಿ ಅಂದ್ರೆ, ನಮ್ಮ ಪಿಚರ್ ರಾಬಿ ರೇ ಒಪ್ಪಂದ 2026ಕ್ಕೆ ಮುಗಿಯುತ್ತೆ. ಜಸ್ಟಿನ್ ವರ್ಲ್ಯಾಂಡರ್‌ಗೆ 42 ವರ್ಷ, ಅವನ ಒಂದು ವರ್ಷದ ಒಪ್ಪಂದ ಮುಗಿದೇ ಹೋಯ್ತು. ಲ್ಯಾಂಡನ್ ರೂಪ್ ಮೇಲೆ ನನಗೆ ಭರವಸೆ ಇದೆ, ಹೇಡನ್ ಬರ್ಡ್‌ಸಾಂಗ್ ಜುಲೈನಲ್ಲಿ ಕೆಳಗಿನ ಲೀಗ್‌ಗೆ ಹೋಗಬೇಕಾಯ್ತು. ಇಬ್ಬರೂ ಬೆಳೆಯೋ ಹುಡುಗರು. ಅವರ ಮೇಲೆ ಇಡೀ ಸೀಸನ್ ಹೊರಿಸೋದು ನ್ಯಾಯ ಅಲ್ಲ.

ವರ್ಲ್ಯಾಂಡರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಜೈಂಟ್ಸ್‌ಗೆ ಎಸೆದ ಮೊದಲ 16 ಪಂದ್ಯದಲ್ಲಿ ಅವನ ಹೆಸರಿಗೆ ಒಂದು ಗೆಲುವೂ ಬರಲಿಲ್ಲ. ಸೀಸನ್ ಮುಗಿದಾಗ 4 ಗೆಲುವು, 11 ಸೋಲು. ಆದ್ರೆ ಒಂಬತ್ತು ಇನ್ನಿಂಗ್ಸ್‌ಗೆ ಕೊಟ್ಟ ರನ್ ಸರಾಸರಿ 3.85 ಮಾತ್ರ. ಆ ವಯಸ್ಸಿನಲ್ಲಿ ಒಂದು ದಿನವೂ ಮುಖ ಕೆಡಿಸಿಕೊಳ್ಳದೆ ಬಂದು ನಿಲ್ತಿದ್ದ. ಅವನಿಗೆ ನಾವು ಇನ್ನೂ ಒಳ್ಳೆ ಸೀಸನ್ ಕೊಡಬೇಕಿತ್ತು.

ಬುಲ್‌ಪೆನ್, ಅಂದ್ರೆ ಕೊನೆ ಇನ್ನಿಂಗ್ಸ್‌ಗಳಲ್ಲಿ ಬಂದು ಎಸೆಯೋರ ದಂಡು. ಜುಲೈನಲ್ಲಿ ಟೈಲರ್ ರಾಜರ್ಸ್ ಮೆಟ್ಸ್‌ಗೆ ಹೋದ, ಕಮಿಲೊ ಡೊವಾಲ್ ಯಾಂಕೀಸ್‌ಗೆ ಹೋದ. ಆಲ್ ಸ್ಟಾರ್ ಆಗಿದ್ದ ರಾಂಡಿ ರಾಡ್ರಿಗೆಸ್‌ಗೆ ಮೊಣಕೈ ಶಸ್ತ್ರಚಿಕಿತ್ಸೆ, 2026 ಪೂರ್ತಿ ಇಲ್ಲ. ರಯಾನ್ ವಾಕರ್ ಒಬ್ಬನ ಹೆಗಲ ಮೇಲೇ ಎಲ್ಲ ಬಿದ್ದಿದೆ. ರಾಜರ್ಸ್ ಈಗ ಫ್ರೀ ಏಜೆಂಟ್. ವಾಪಸ್ ಕರೀರಿ, ದಯವಿಟ್ಟು! ಅವನು ಎಸೆಯೋದನ್ನ ನೋಡದೇ ಇರೋರಿಗೆ ಹೇಳ್ತೀನಿ: ಸೊಂಟ ಬಗ್ಗಿಸಿ, ಕೈಬೆರಳು ನೆಲಕ್ಕೆ ತಾಗೋ ಹಾಗೆ ಕೆಳಗಿಂದ ಎಸೀತಾನೆ. ವೇಗ ಇಲ್ಲ. ಆದ್ರೂ ಯಾರಿಗೂ ಸರಿಯಾಗಿ ಹೊಡೆಯೋಕೆ ಬರಲ್ಲ. ಅವನೂ ನೆಲಕ್ಕೆ ಹೊಡೆಸೋನೇ, ಅಂದ್ರೆ ಚಾಪ್‌ಮನ್ ಮತ್ತು ಅಡಾಮೆಸ್‌ಗೆ ಮತ್ತೆ ಕೆಲಸ.

ದುಡ್ಡಿನ ಪ್ರಶ್ನೆ ಬರುತ್ತೆ. ಬೇಸ್‌ಬಾಲ್‌ನಲ್ಲಿ ಐಪಿಎಲ್ ಥರ ಪರ್ಸ್ ಮಿತಿ ಇಲ್ಲ. 2026ಕ್ಕೆ ಆಟಗಾರರ ಸಂಬಳದ ಮೊತ್ತ 24.4 ಕೋಟಿ ಡಾಲರ್ ದಾಟಿದ್ರೆ ಲಕ್ಷುರಿ ಟ್ಯಾಕ್ಸ್ ಕಟ್ಟಬೇಕು, ಅಷ್ಟೇ. 2025ರಲ್ಲಿ ಜೈಂಟ್ಸ್ ಆ ಗೆರೆ ದಾಟಲಿಲ್ಲ. ಇಷ್ಟು ಶ್ರೀಮಂತ ಊರಿನ ತಂಡ ಗೆರೆ ಹತ್ತಿರವಾದ್ರೂ ಹೋಗಲಿ ಅಂತ ಕೇಳೋ ಹಕ್ಕು ಟಿಕೆಟ್ ತಗೊಳ್ಳೋ ನಮಗಿದೆ.

ಇನ್ನು ಬ್ರೈಸ್ ಎಲ್ಡ್ರಿಡ್ಜ್. ಆರಡಿ ಏಳಂಗುಲ, ಎಡಗೈ ಬ್ಯಾಟರ್, 20ನೇ ವಯಸ್ಸಲ್ಲೇ ಸೆಪ್ಟೆಂಬರ್‌ನಲ್ಲಿ ಮೊದಲ ಪಂದ್ಯ ಆಡಿದ. ಅವನನ್ನ ಕೊಟ್ಟು ಪಿಚರ್ ತರೋಣ ಅಂತ ಹೇಳೋರಿದ್ದಾರೆ. ಬೇಡ. ಅವನು ಮತ್ತು ಡೆವರ್ಸ್ ಮೊದಲ ಬೇಸ್ ಹಾಗೂ ಡಿಎಚ್ (ಫೀಲ್ಡಿಂಗ್ ಮಾಡದೆ ಬರೀ ಬ್ಯಾಟ್ ಮಾಡೋನು) ಸ್ಥಾನವನ್ನ ಹಂಚ್ಕೊಳ್ಳಲಿ. ಮುಂದಿನ ವರ್ಷಕ್ಕೆ ಬೇಕಿರೋ ಹೊಸ ಬ್ಯಾಟ್ ಅವನೇ, ಮನೆಯಲ್ಲೇ ಬೆಳೆದಿರೋದು.

ಎರಡನೇ ಬೇಸ್‌ಗೆ ಕೇಸಿ ಶ್ಮಿಟ್ ಸದ್ಯಕ್ಕೆ ಸಾಕು.

ಹೊಸ ಮ್ಯಾನೇಜರ್, ಅಂದ್ರೆ ಮುಖ್ಯ ಕೋಚ್, ಟೋನಿ ವಿಟೆಲೊ ಬಂದಿರೋದು ಟೆನೆಸ್ಸಿ ವಿಶ್ವವಿದ್ಯಾಲಯದಿಂದ. 2024ರಲ್ಲಿ ಕಾಲೇಜು ಚಾಂಪಿಯನ್‌ಶಿಪ್ ಗೆದ್ದ ಕೋಚ್; ವೃತ್ತಿಪರ ತಂಡದಲ್ಲಿ ಒಂದು ದಿನವೂ ಕೆಲಸ ಮಾಡಿಲ್ಲ. ನಮ್ಮ ಔಟ್‌ಫೀಲ್ಡರ್ ಡ್ರೂ ಗಿಲ್ಬರ್ಟ್ ಅವನ ಹಳೇ ಶಿಷ್ಯ. ಹುಡುಗರಿಗೆ ಅಡಿಪಾಯ ಕಲಿಸೋ ಕೆಲಸ ಅವನಿಗೆ ಗೊತ್ತು. ಹಾಗಾಗಿ ಫೆಬ್ರವರಿಯಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್‌ಗೆ ತಂಡ ಸೇರಿದಾಗ ರಾಮೋಸ್‌ನ ಮೊದಲ ಹೆಜ್ಜೆಯಿಂದ ಶುರು ಮಾಡಲಿ.

ಡಿಸೆಂಬರ್‌ನಲ್ಲಿ ಒರ್ಲ್ಯಾಂಡೊದಲ್ಲಿ ವಿಂಟರ್ ಮೀಟಿಂಗ್ಸ್ ನಡೆಯುತ್ತೆ, ಎಲ್ಲ ತಂಡದವರೂ ಅಲ್ಲಿ ಸೇರ್ತಾರೆ. ಮಾರ್ಚ್ 25ಕ್ಕೆ ಇದೇ ಒರಾಕಲ್ ಪಾರ್ಕ್‌ನಲ್ಲಿ ಯಾಂಕೀಸ್ ವಿರುದ್ಧ ಮೊದಲ ಪಂದ್ಯ. ಅವತ್ತು ಸೆಂಟರ್ ಫೀಲ್ಡ್‌ನಲ್ಲಿ ಬೇಡರ್ ನಿಲ್ಲಬೇಕಾ, ಬೇರೆ ಯಾರಾದ್ರೂನಾ? ಬೇ ಏರಿಯಾದಲ್ಲಿರೋ ಕನ್ನಡದ ಜೈಂಟ್ಸ್ ಅಭಿಮಾನಿಗಳು ನಿಮ್ಮ ಒಂಬತ್ತು ಜನರ ಪಟ್ಟಿ ಕಳಿಸಿ. ಅವುಗಳನ್ನೆಲ್ಲ ಇಟ್ಕೊಂಡು, ಒರ್ಲ್ಯಾಂಡೊದಲ್ಲಿ ಯಾರು ಯಾವ ತಂಡ ಸೇರಿದ್ರು ಅಂತ ಗೊತ್ತಾದ ಮೇಲೆ ಮುಂದಿನ ವಿಡಿಯೊ ಮಾಡ್ತೀನಿ.