ಸಂತೆಯ ದಿನಕ್ಕೊಂದು ಹಾಜರಿ

ಪ್ರಾಂಶುಪಾಲರೇ, ಸಹೋದ್ಯೋಗಿಗಳೇ, ಪ್ರೀತಿಯ ವಿದ್ಯಾರ್ಥಿಗಳೇ,

ಎರಡು ವರ್ಷದ ಹಿಂದೆ ನನ್ನ ಎಂಬಿಎ ತರಗತಿಯ ನಾಲ್ವರು ಹೆಣ್ಣುಮಕ್ಕಳು ಖಡಕ್ ರೊಟ್ಟಿ ಮಾರುವ ಯೋಜನೆ ಮಂಡಿಸಿದರು. ಒಟ್ಟು 38 ಸ್ಲೈಡು. ಮಾರುಕಟ್ಟೆಯ ಗಾತ್ರ, ಐದು ವರ್ಷದ ಲಾಭದ ಅಂದಾಜು, ಬೆಂಗಳೂರಿನಲ್ಲಿ ತೆರೆಯಬೇಕಾದ ಮಳಿಗೆ, ಎಲ್ಲವೂ ಅದರಲ್ಲಿತ್ತು. "ಇದುವರೆಗೆ ಎಷ್ಟು ರೊಟ್ಟಿ ಮಾರಿದ್ದೀರಿ?" ಎಂದು ಕೇಳಿದೆ. ಒಂದೂ ಇಲ್ಲ. ಮುಂದಿನ ಮಂಗಳವಾರ ಸಂತೆಗೆ ಹೊರಟರು, ನಾನೂ ಜೊತೆಗೆ ಹೋದೆ.

ಬಸ್ ಇಳಿದು ಬುಟ್ಟಿ ಬಿಚ್ಚಿದಾಗ 200 ರೊಟ್ಟಿಗಳಲ್ಲಿ 31 ಮುರಿದಿದ್ದವು. ಮುರಿದ ರೊಟ್ಟಿಯ ಲೆಕ್ಕ ಯಾವ ಸ್ಲೈಡಿನಲ್ಲೂ ಇರಲಿಲ್ಲ. ಸ್ವಲ್ಪ ಹೊತ್ತಿಗೆ ವಯಸ್ಸಾದ ತಾಯಿಯೊಬ್ಬರು ಬಂದರು. ಪೊಟ್ಟಣ ಕೈಗೆತ್ತಿಕೊಂಡು ತಿರುಗಿಸಿ ನೋಡಿ, ಮೂಸಿ, "ಯಾವತ್ತು ಬಡಿದದ್ದವ್ವಾ ಇದು?" ಎಂದರು. ಹುಡುಗಿಯರು ಮುಖ ಮುಖ ನೋಡಿಕೊಂಡರು. ಪೊಟ್ಟಣದ ಮೇಲೆ ಹೆಸರಿತ್ತು, ಚಂದದ ಚಿತ್ರವಿತ್ತು, ತಾರೀಖು ಇರಲಿಲ್ಲ. ಆಕೆ ಪೊಟ್ಟಣವನ್ನು ಇದ್ದಲ್ಲೇ ಇಟ್ಟು ಮುಂದಿನ ಅಂಗಡಿಗೆ ಹೋದರು. ಆ ಪ್ರಶ್ನೆಯನ್ನು ನಾನು ತರಗತಿಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ವ್ಯವಹಾರ ಶಾಲೆಗಳು ಉದ್ಯಮಶೀಲತೆಯನ್ನು ಕಲಿಸಲು ಹೊರಟು ಬಹಳ ಕಾಲವಾಯಿತು. ಅಮೆರಿಕದ ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಮೈಲ್ಸ್ ಮೇಸ್ ಎಂಬ ಪ್ರಾಧ್ಯಾಪಕರು 1947ರಲ್ಲೇ ಹೊಸ ಉದ್ಯಮಗಳ ನಿರ್ವಹಣೆಯ ಬಗ್ಗೆ ಪಾಠ ಶುರುಮಾಡಿದರು. ಆಗಷ್ಟೇ ಎರಡನೆಯ ಮಹಾಯುದ್ಧ ಮುಗಿದಿತ್ತು. ಸೈನ್ಯದಿಂದ ಮರಳಿದ ಅನೇಕರಿಗೆ ದೊಡ್ಡ ಕಂಪನಿಯ ನೌಕರಿಗಿಂತ ಸ್ವಂತದ್ದೇನನ್ನಾದರೂ ಕಟ್ಟುವ ಆಸೆ. ಮೊದಲ ಬಾರಿಗೇ 188 ವಿದ್ಯಾರ್ಥಿಗಳು ಸೇರಿದರು.

ಆದರೆ ನನ್ನ ಮನಸ್ಸಿಗೆ ಹತ್ತಿರವಾದ ಉದಾಹರಣೆ ಬಾಬ್ಸನ್ ಕಾಲೇಜಿನದು. ಅದು ಬಾಸ್ಟನ್ ನಗರದ ಹತ್ತಿರ ಇದೆ. ಅಲ್ಲಿ ಪದವಿಯ ಮೊದಲ ವರ್ಷಕ್ಕೆ ಕಾಲಿಟ್ಟ ಮಕ್ಕಳೇ ತಂಡ ಕಟ್ಟಿಕೊಂಡು ನಿಜವಾದ ವ್ಯಾಪಾರ ನಡೆಸಬೇಕು. ಬಂಡವಾಳವನ್ನು ಕಾಲೇಜೇ ಸಾಲವಾಗಿ ಕೊಡುತ್ತದೆ. ವರ್ಷದ ಕೊನೆಗೆ ಸಾಲ ತೀರಿಸಬೇಕು, ಉಳಿದ ಲಾಭವನ್ನು ಸಮಾಜಸೇವೆಯ ಸಂಸ್ಥೆಗಳಿಗೆ ಕೊಡಬೇಕು, ವ್ಯಾಪಾರವನ್ನು ಮುಚ್ಚಬೇಕು. ಈ ಮುಚ್ಚುವ ಭಾಗವನ್ನು ದಯವಿಟ್ಟು ಗಮನಿಸಿ. ನಮ್ಮ ಕಡೆ "ಅವನು ಅಂಗಡಿ ಮುಚ್ಚಿದ" ಎಂದರೆ ಮನೆತನಕ್ಕೇ ಅಂಟಿದ ಕಳಂಕ. ಮದುವೆಯ ಮಾತುಕತೆಯಲ್ಲೂ ಅದು ಎದ್ದು ಬರುತ್ತದೆ. ಅಲ್ಲಿ ಅದು ಪಠ್ಯದ ಒಂದು ಅಧ್ಯಾಯ. ಉಳಿದ ಸರಕು ಖಾಲಿ ಮಾಡುವುದು, ಬಾಕಿ ವಸೂಲಿ ಮಾಡುವುದು, ಕೊಡಬೇಕಾದವರಿಗೆ ಪೈಸೆ ಬಿಡದೆ ಕೊಡುವುದು, ಪಾಲುದಾರರ ಜೊತೆ ಮುನಿಸಿಲ್ಲದೆ ಬೇರೆಯಾಗುವುದು. ಹದಿನೆಂಟರ ವಯಸ್ಸಿನಲ್ಲಿ ಒಮ್ಮೆ ಮರ್ಯಾದೆಯಿಂದ ಮುಚ್ಚಿ ಗೊತ್ತಿದ್ದವರಿಗೆ ಮುಂದೆ ತೆರೆಯಲು ಅಷ್ಟು ಭಯವಿರುವುದಿಲ್ಲ.

ಇನ್ನು ನಾವೀನ್ಯದ ಮಾತು. ಹೊಸ ಕಲ್ಪನೆ ಹೊಳೆಯುವವರೆಗೆ ಕಾಯಬೇಕು ಎಂದು ನಿಮ್ಮಲ್ಲಿ ಅನೇಕರು ನಂಬಿದ್ದೀರಿ. ವರ್ಜೀನಿಯಾ ವಿಶ್ವವಿದ್ಯಾಲಯದ ಡಾರ್ಡನ್ ಸ್ಕೂಲಿನ ಪ್ರಾಧ್ಯಾಪಕಿ ಸರಸ್ ಸರಸ್ವತಿ 27 ಮಂದಿ ಅನುಭವಿ ಉದ್ಯಮಿಗಳ ಯೋಚನೆಯ ದಾರಿಯನ್ನು ಕೂಲಂಕಷವಾಗಿ ಅಧ್ಯಯನ ಮಾಡಿದರು. ಅವರು ಕಂಡದ್ದು ಬೇರೆಯೇ. ಆ ಉದ್ಯಮಿಗಳು ಗುರಿಯಿಂದ ಹಿಂದಕ್ಕೆ ಲೆಕ್ಕ ಹಾಕುತ್ತಿರಲಿಲ್ಲ. ತಾವು ಯಾರು, ತಮಗೆ ಏನು ಗೊತ್ತು, ಯಾರು ಗೊತ್ತು ಎಂಬಲ್ಲಿಂದ ಹೊರಡುತ್ತಿದ್ದರು. ಇದಕ್ಕೆ ಸರಸ್ವತಿ ಕೊಡುವ ಹೋಲಿಕೆ ಅಡುಗೆಮನೆಯದು. ಹೊತ್ತಲ್ಲದ ಹೊತ್ತಿನಲ್ಲಿ ನೆಂಟರು ಬಂದಾಗ ನಮ್ಮ ತಾಯಂದಿರು ಪಟ್ಟಿ ಬರೆದು ಪೇಟೆಗೆ ಕಳಿಸುವುದಿಲ್ಲ, ಡಬ್ಬಿಗಳ ಮುಚ್ಚಳ ತೆಗೆಯುತ್ತಾರೆ. ಇದ್ದದ್ದರಲ್ಲೇ ಊಟ ಸಿದ್ಧವಾಗುತ್ತದೆ. ನಮ್ಮ ಹುಡುಗಿಯರ ಡಬ್ಬಿಯಲ್ಲಿ ಏನಿತ್ತು? ಒಬ್ಬಳ ಅತ್ತೆ ಮೂವತ್ತು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದರು. ಬೆಂಗಳೂರಿನ ಮಳಿಗೆಗಿಂತ ಅದು ದೊಡ್ಡ ಬಂಡವಾಳ.

ಬೆಂಗಳೂರಿನ ಐಐಎಂನಲ್ಲಿ ಇನ್ಫೊಸಿಸ್ ಸ್ಥಾಪಕರಲ್ಲಿ ಒಬ್ಬರಾದ ಎನ್.ಎಸ್. ರಾಘವನ್ ಅವರ ಹೆಸರಿನ ಉದ್ಯಮಶೀಲತಾ ಕೇಂದ್ರ 2000ದಿಂದ ನಡೆಯುತ್ತಿದೆ. ತಮ್ಮ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಹೊರಗಿನವರಿಗೂ, ವಿಶೇಷವಾಗಿ ಮಹಿಳೆಯರಿಗೂ ಅದು ಬಾಗಿಲು ತೆರೆದಿದೆ. ಐಐಎಂಗಳಲ್ಲಿ ಇನ್ನೊಂದು ಒಳ್ಳೆಯ ಏರ್ಪಾಡಿದೆ. ಓದು ಮುಗಿಸಿ ಸ್ವಂತ ಉದ್ಯಮಕ್ಕೆ ಇಳಿಯುವವರು ಕ್ಯಾಂಪಸ್ ನೇಮಕಾತಿಯನ್ನು ಮುಂದಕ್ಕೆ ಹಾಕಬಹುದು; ಕೈಹಿಡಿಯದಿದ್ದರೆ ಒಂದೆರಡು ವರ್ಷದೊಳಗೆ ಮರಳಿ ಬಂದು ಸಂದರ್ಶನಕ್ಕೆ ಕೂರಬಹುದು. ಉದ್ಯಮ ಸ್ಪರ್ಧೆಗಳಲ್ಲಿ ಕೊಡುವ ಬಹುಮಾನದ ಚೆಕ್ಕಿಗಿಂತ ಇದರ ಬೆಲೆ ಹೆಚ್ಚು ಎಂದು ನಾನು ನಂಬಿದ್ದೇನೆ. ಶಿಕ್ಷಣ ಸಾಲದ ಕಂತು ಕಣ್ಣೆದುರಿಗಿರುವ ಮಗಳು ಅಪ್ಪನ ಮುಂದೆ ನಿಂತು "ಒಂದು ವರ್ಷ ಪ್ರಯತ್ನ ಮಾಡುತ್ತೇನೆ" ಎನ್ನಬೇಕಾದರೆ, ಅವಳ ಬೆನ್ನಿಗೆ ಕಾಲೇಜಿನ ಇಂಥದೊಂದು ಮಾತು ಇರಬೇಕು.

ನಮ್ಮಂಥ ಕಾಲೇಜುಗಳಲ್ಲಿ ಏನಾಗುತ್ತಿದೆ? ವಿದ್ಯಾರ್ಥಿಗಳ ಹೊಸ ಉದ್ಯಮಗಳನ್ನು ಪೋಷಿಸಬೇಕಾದ ಇನ್‌ಕ್ಯುಬೇಷನ್ ಕೊಠಡಿಗೆ ಫಲಕ ಬಿದ್ದಿದೆ, ಸಂಜೆ ಐದಕ್ಕೆ ಬೀಗವೂ ಬೀಳುತ್ತದೆ. ವಿದ್ಯಾರ್ಥಿಗೆ ಬಿಡುವು ಸಿಗುವುದೇ ಐದರ ನಂತರ. ಇದು ನನಗೆ ನಿಜವಾಗಿ ನೋವು ಕೊಡುವ ಸಂಗತಿ. ಹಾಗೆಯೇ ಹಾಜರಿಯ ತೊಡಕು. ಕೇಂದ್ರ ಸರ್ಕಾರದ 2019ರ ರಾಷ್ಟ್ರೀಯ ನಾವೀನ್ಯ ಮತ್ತು ನವೋದ್ಯಮ ನೀತಿಯು, ಉದ್ಯಮ ನಡೆಸುವ ವಿದ್ಯಾರ್ಥಿಗೆ ಹಾಜರಿ ಕಡಿಮೆಯಿದ್ದರೂ ಅನುಮತಿ ಪಡೆದು ಪರೀಕ್ಷೆ ಬರೆಯುವ ಅವಕಾಶ ಇರಲಿ ಎನ್ನುತ್ತದೆ. ಓದಿಗೆ ಒಂದು ಸೆಮಿಸ್ಟರ್ ಬಿಡುವು ಪಡೆಯಲೂ ದಾರಿ ಮಾಡಿಕೊಡುತ್ತದೆ. ಆದರೂ ಆ ನಾಲ್ವರ ಮಂಗಳವಾರಗಳ ಹಾಜರಿಗಾಗಿ ನಾನು ಒಂದು ತಿಂಗಳು ಕಡತ ಹಿಡಿದು ಓಡಾಡಿದೆ.

ಅವರು ಹನ್ನೊಂದು ಸಂತೆ ಮಾಡಿದರು. ಎರಡನೆಯ ವಾರಕ್ಕೆ ತಾರೀಖಿನ ಮೊಹರು ಬಂತು. ಮೂರನೆಯ ವಾರದಿಂದ ಮುರಿದ ರೊಟ್ಟಿಗೆ ಶೇಂಗಾ ಹಿಂಡಿ ಸೇರಿಸಿ ಬೇರೆ ಪೊಟ್ಟಣ ಕಟ್ಟಿದರು. ಅದೇ ಮೊದಲು ಖಾಲಿಯಾಗುತ್ತಿತ್ತು. ಇಬ್ಬರು ಈಗ ಬ್ಯಾಂಕಿನಲ್ಲಿದ್ದಾರೆ, ಒಬ್ಬಳು ಪಾಠ ಹೇಳುತ್ತಾಳೆ, ಇನ್ನೊಬ್ಬಳು ಅತ್ತೆಯ ಜೊತೆ ರೊಟ್ಟಿಯ ಕೆಲಸವನ್ನೇ ಮುಂದುವರಿಸಿದ್ದಾಳೆ.

ಪ್ರಾಂಶುಪಾಲರು ಇಲ್ಲೇ ಕುಳಿತಿದ್ದಾರೆ. ಮುಂದಿನ ಸೆಮಿಸ್ಟರಿನ ವೇಳಾಪಟ್ಟಿ ಇನ್ನೂ ಅಚ್ಚಾಗಿಲ್ಲ ಎಂದು ಕೇಳಿದೆ. ನಿಮ್ಮ ಊರಿನ ಸಂತೆ ಗುರುವಾರವಂತೆ. ಸರ್, ಗುರುವಾರ ಮಧ್ಯಾಹ್ನದ ಎರಡು ಅವಧಿಗಳನ್ನು ಈ ಮಕ್ಕಳಿಗೆ ಬಿಟ್ಟುಕೊಡಿ. ಹಾಜರಿ ಪುಸ್ತಕವನ್ನು ಅಧ್ಯಾಪಕರು ಸಂತೆಗೇ ತೆಗೆದುಕೊಂಡು ಹೋಗಲಿ.